‘ಸವೆತ’ ಅಂದ ಕೂಡಲೇ ಕೂರಿಸಿಬಿಡುತ್ತೇವೆ

ಇಂಥದ್ದು ನನ್ನ ಹತ್ತಿರ ಬರುವುದು ಇದೇ ಮೊದಲಲ್ಲ. ಅಮ್ಮನಿಗೋ ಅತ್ತೆಗೋ ಸ್ಕ್ಯಾನ್ ಆಗಿ, ‘ಮೂಳೆ ಸವೆತ’ ಅಂತ ಗೊತ್ತಾಗಿರುತ್ತದೆ. ರಿಪೋರ್ಟ್ ಬಂದ ಮರುದಿನದಿಂದ ಪೊರಕೆ, ಸೌಟು, ಸಂತೆ ಚೀಲ ಎಲ್ಲ ಅವರ ಕೈಯಿಂದ ಹೋಗಿರುತ್ತದೆ. ಪ್ರೀತಿಯಿಂದಲೇ ಕಿತ್ತುಕೊಂಡಿರುತ್ತಾರೆ, ಅದೇ ಕಷ್ಟ. ಈ ಪ್ರಕರಣ ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಇದರಲ್ಲಿ ನಾನೂ ಒಂದು ಕಡೆ ಎಡವಿದೆ.

ಅವರನ್ನು ಕೆಂಪಮ್ಮ ಅನ್ನೋಣ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅರವತ್ತು ದಾಟಿದವರು, ಹಾಸನದ ಕಡೆಯ ಹಳ್ಳಿ. ಬಚ್ಚಲಲ್ಲಿ ಜಾರಿ, ಕೈ ಊರಿ, ಮಣಿಕಟ್ಟು ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚಿದ ಮೇಲೆ, ಮೂಳೆ ಎಷ್ಟು ಗಟ್ಟಿ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಆಯಿತು. ಬೆನ್ನುಮೂಳೆಯ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.9. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ವಾರಕ್ಕೊಂದು ಮಾತ್ರೆ ಶುರುವಾಯಿತು. ಮಗ ಹಸು ಮಾರಿ, ಅವ್ವನನ್ನು ಪಟ್ಟಣದ ಮನೆಗೆ ಕರೆತಂದರು. ಅಲ್ಲಿ ಕೆಂಪಮ್ಮ ಊಟ ಬಿಟ್ಟರು, ಮಾತು ಬಿಟ್ಟರು ಅಂತ ನನ್ನ ಹತ್ತಿರ ಕಳಿಸಿದ್ದರು.

ಮೊದಲ ಎರಡು ಭೇಟಿಯಲ್ಲೂ ಮಾತಾಡಿದ್ದು ಮಗನೇ. ‘ಮಾತ್ರೆ ತಗೋತಿದ್ದೀರಾ?’ ಅಂತ ಕೇಳಿದೆ. ಕೆಂಪಮ್ಮ ತಲೆಯಾಡಿಸಿದರು. ನಾನು ಬರೆದುಕೊಂಡೆ. ಎಡವಿದ್ದು ಅಲ್ಲೇ. ತಲೆಯಾಡಿಸಿದ್ದನ್ನೇ ಉತ್ತರ ಅಂದುಕೊಂಡೆ.

ಮೂರನೇ ಸಲ ಮಗನನ್ನು ಹೊರಗೆ ಕೂರಲು ಹೇಳಿದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಕೆಂಪಮ್ಮ ಮಡಿಲಿಂದ ಎಲೆಅಡಿಕೆ ಸಂಚಿ ತೆಗೆದರು. ಅಡಿಕೆ ಹುಡುಕುವಾಗ ಮೂರು ಸ್ಟ್ರಿಪ್ ಹೊರಗೆ ಬಿತ್ತು. ಹನ್ನೆರಡು ಮಾತ್ರೆಯಲ್ಲಿ ಎರಡೇ ಖಾಲಿ.

‘ಎದೆ ಉರೀತದೆ ಕಣವ್ವ. ಬೆಂಕಿ ನುಂಗ್ದಂಗೆ.’

ಹೇಗೆ ತಗೊಂಡಿರಿ ಅಂತ ಕೇಳಿದೆ. ಬೆಳಿಗ್ಗೆ ಸೊಸೆ ಕೊಟ್ಟ ಕಾಫಿ ಜೊತೆ ನುಂಗಿ, ಮತ್ತೆ ಮಲಗಿಕೊಂಡರಂತೆ. ಎದ್ದು ಮಾಡುವುದಾದರೂ ಏನಿತ್ತು?

ಮಗನಿಗೆ ಯಾಕೆ ಹೇಳಲಿಲ್ಲ ಅಂದೆ. ಅದಕ್ಕೆ ಅವರು, ‘ಮುರ್ಯೋದಾದ್ರೆ ಒಂದ್ಸಲ ಮುರ್ದೋಗ್ಲಿ ಬುಡವ್ವ. ಕಾಯೋದಾದ್ರೂ ತಪ್ತದೆ’ ಅಂದರು.

ನನ್ನ ಕೈ ಬರೆಯುವುದನ್ನು ನಿಲ್ಲಿಸಿತು. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿದೆ. ಇಂಥ ಮಾತು ಬಂದಾಗ ಕೇಳಲೇಬೇಕು. ಇಲ್ಲ ಅಂದರು. ಬೇಜಾರು ಅಷ್ಟೇ ಅಂದರು. ಐದು ತಿಂಗಳಿಂದ ಮನೆಯವರೆಲ್ಲ ‘ಹುಷಾರು, ಹುಷಾರು’ ಅನ್ನುತ್ತಿದ್ದರು. ಹೇಗೆ ಹುಷಾರಾಗಿರಬೇಕು ಅಂತ ಒಬ್ಬರೂ ಹೇಳಿರಲಿಲ್ಲ. ಬರೀ ಹುಷಾರು ಅನ್ನುವುದು ಸಲಹೆಯಲ್ಲ, ಹೆದರಿಸುವುದು ಅಂತ ನನಗೆ ಅವತ್ತೇ ಅನ್ನಿಸಿದ್ದು.

ಅವರು ಒಪ್ಪಿದ ಮೇಲೆ ಮಗನನ್ನು ಒಳಗೆ ಕರೆದೆ. ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಪಕ್ಕದಲ್ಲೇ ನಿಂತು, ‘ಅಮ್ಮಾ, ಕೈ ಎದೆ ಮೇಲೆ ಕಟ್ಟಿಕೊಂಡು ಎದ್ದೇಳಿ ನೋಡೋಣ’ ಅಂದೆ. ಒಂದು ಸಲ ಮುಂದಕ್ಕೆ ತೂಗಿದರು. ಇನ್ನೊಂದು ಸಲ. ತೊಡೆ ನಡುಗಿತು, ಮೈ ಮೇಲೇಳಲಿಲ್ಲ. ಐದು ತಿಂಗಳ ಹಿಂದೆ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತಿದ್ದವರು ಇವರು. ಮಗ ಬಾಗಿಲಲ್ಲೇ ನಿಂತಿದ್ದರು. ‘ಸವೆತ ಜಾಸ್ತಿ ಆಗಿದೆಯಾ ಮೇಡಂ?’ ಅಂತ ಕೇಳಿದರು.

ತೊಡಕು ಇರುವುದೇ ಈ ಮಾತಿನಲ್ಲಿ. ಮಂಡಿ ಕೀಲು ಹಾಳಾದರೂ ನಾವು ಮೂಳೆ ಸವೆತ ಅನ್ನುತ್ತೇವೆ, ಆಸ್ಟಿಯೊಪೊರೋಸಿಸ್ ಬಂದರೂ ಮೂಳೆ ಸವೆತ ಅನ್ನುತ್ತೇವೆ. ಎರಡೂ ಬೇರೆ ಬೇರೆ. ಮಂಡಿಯದು ನೋಯುತ್ತದೆ. ಇನ್ನೊಂದು, ಮೂಳೆ ಮುರಿಯುವ ತನಕ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಒಳಗೊಳಗೇ ಟೊಳ್ಳಾಗಿರುತ್ತದೆ. (ಪುಸ್ತಕದಲ್ಲಿ ‘ಅಸ್ಥಿರಂಧ್ರತೆ’ ಅಂತ ಇದೆ. ಬಾಯಲ್ಲಿ ಅಂದವರನ್ನು ನಾನು ಕಂಡಿಲ್ಲ.) ಸವೆತ ಅಂದರೆ ಚಪ್ಪಲಿ ನೆನಪಾಗುತ್ತದೆ. ಮೆಟ್ಟಿದಷ್ಟೂ ಸವೆಯುತ್ತದೆ, ಎತ್ತಿಟ್ಟರೆ ಉಳಿಯುತ್ತದೆ. ಮಗ ಅವ್ವನನ್ನು ಹಾಗೇ ಎತ್ತಿಟ್ಟಿದ್ದರು. ಆದರೆ ಮೂಳೆ ಗಟ್ಟಿಯಾಗಿ ಉಳಿಯಲು ಅದರ ಮೇಲೆ ಮೈಭಾರ ಬೀಳುತ್ತಿರಬೇಕು. ಬಾಹ್ಯಾಕಾಶದಲ್ಲಿ ತೇಲಾಡುವವರಿಗೆ ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಕಡಿಮೆಯಾಗಿದ್ದನ್ನು ಅಳೆದಿದ್ದಾರೆ. ಅವರೆಲ್ಲ ಗಟ್ಟಿಮುಟ್ಟಾದ ಜನ. ಇದನ್ನೇ ಮಗನಿಗೆ ಹೇಳಿದೆ. ‘ಕೂರಿಸಿದ್ದು ತಪ್ಪಾಯ್ತಾ?’ ಅಂದರು. ಹೌದು ಅಂದೆ. ಸುತ್ತಿ ಬಳಸಿ ಹೇಳಬಹುದಿತ್ತೇನೋ. ಹೇಳಲಿಲ್ಲ.

‘ಮತ್ತೆ ಬಿದ್ದರೆ ನೀವು ಜವಾಬ್ದಾರರಾ?’ ಅಂತ ಆಮೇಲೆ ಫೋನಿನಲ್ಲಿ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಡಾಕ್ಟರಲ್ಲ, ವ್ಯಾಯಾಮ ನಾನಾಗಿ ಹೇಳಲಿಲ್ಲ. ಬೆನ್ನುಮೂಳೆಯಲ್ಲಿ ಸದ್ದಿಲ್ಲದೆ ಆದ ಮುರಿತ ಇದೆಯಾ ಅಂತ ಡಾಕ್ಟರು ಎಕ್ಸ್‌ರೇ ನೋಡಿದರು, ಇರಲಿಲ್ಲ. ಆಮೇಲೆಯೇ ಫಿಸಿಯೊಥೆರಪಿ ಶುರುವಾಗಿದ್ದು. ಆದರೂ ನನ್ನ ನಿಲುವು ಇಷ್ಟು: ತೊಡೆಯಲ್ಲಿ ಬಲವಿಲ್ಲದವರು ಕುರ್ಚಿಯಿಂದ ಬಚ್ಚಲಿಗೆ ಹೋಗುವಷ್ಟರಲ್ಲೇ ಬೀಳುತ್ತಾರೆ. ಬಚ್ಚಲಿಗಂತೂ ಹೋಗಲೇಬೇಕಲ್ವಾ?

ಹಾಗಾಗಿ ಅವರ ಕೈಗೆ ಕೆಲಸ ವಾಪಸ್ ಕೊಡಿಸಿದೆ. ಉದ್ದ ಹಿಡಿಯ ಪೊರಕೆಯಲ್ಲಿ ಗುಡಿಸಬಹುದು, ಮೋಟು ಪೊರಕೆ ಬೇಡ. ಕಟ್ಟೆ ಮುಂದೆ ನಿಂತು ಅಡುಗೆ ಮಾಡಬಹುದು. ಬೆನ್ನು ಬಗ್ಗಿಸಿ ಕೊಡ ಎತ್ತುವುದು, ಬಗ್ಗಿಕೊಂಡೇ ಸೊಂಟ ತಿರುಚುವುದು ಬೇಡ. ದಿನಾ ಸಂಜೆ ನಡಿಗೆ, ಹವಾಯಿ ಚಪ್ಪಲಿ ಬಿಟ್ಟು ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿಯಲ್ಲಿ. ಬಚ್ಚಲ ಗೋಡೆಗೆ ಹಿಡಿಕೆ, ರಾತ್ರಿ ದಾರಿಗೊಂದು ಸಣ್ಣ ಬಲ್ಬು. ಬಾಗಿಲ ಬಳಿ ಮಡಚಿಕೊಳ್ಳುವ ಆ ಮ್ಯಾಟನ್ನು ಎಸೆಯಿರಿ ಅಂದೆ. ಸೊಸೆಗೆ ಬೇಜಾರಾಯಿತು, ಹೊಸದಂತೆ.

ಮಾತ್ರೆಯ ವಿಷಯಕ್ಕೆ ಡಾಕ್ಟರ ಹತ್ತಿರ ಕಳಿಸಿದೆ. ಎದೆ ಉರಿಯನ್ನು ಅವರು ವಿಚಾರಿಸಿ, ಇನ್ನೊಮ್ಮೆ ಸರಿಯಾಗಿ ತಗೊಂಡು ನೋಡಿ ಅಂದರು. ಭಾನುವಾರ ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟ ತುಂಬ ಬರೀ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಕಾಫಿಯೂ ಇಲ್ಲ. ಕಾಫಿ ಜೊತೆ ಹೋದರೆ ಮಾತ್ರೆ ಮೈಗೆ ಹತ್ತುವುದೇ ಕಷ್ಟ, ಮಲಗಿದರೆ ಅನ್ನನಾಳ ಸುಡುತ್ತದೆ. ಆಗಲೂ ಒಗ್ಗದಿದ್ದರೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಔಷಧಿಯೂ ಇದೆ. ಒಗ್ಗಲಿಲ್ಲ ಅಂತ ಬಾಯಿ ಬಿಟ್ಟು ಹೇಳಬೇಕು, ಸಂಚಿಯಲ್ಲಿ ಇಟ್ಟುಕೊಳ್ಳಬಾರದು.

‘ರಾಗಿ ಮುದ್ದೆ ತಿಂದ್ರೆ ಸಾಲ್ದಾ?’ ಅಂತ ಕೆಂಪಮ್ಮನೇ ಕೇಳಿದರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಈ ವಯಸ್ಸಿಗೆ ದಿನಕ್ಕೆ ಬೇಕಾದ್ದು ಸುಮಾರು 1,200. ಮುದ್ದೆ ತಿನ್ನಿ, ಹಾಲು ಮೊಸರೂ ಬೇಕು. ಆದರೆ ಅವು ಮಾತ್ರೆಯ ಕೆಲಸ ಮಾಡುವುದಿಲ್ಲ ಅಂದೆ.

ಮೂರು ತಿಂಗಳಾದ ಮೇಲೆ ಬಂದಾಗ ಕೈ ಕಟ್ಟಿಕೊಂಡೇ ನಾಲ್ಕು ಸಲ ಎದ್ದು ಕೂತರು. ಐದನೆಯದಕ್ಕೆ ಕುರ್ಚಿ ಹಿಡಿದರು. ಸಂಚಿಯಲ್ಲಿ ಅಡಿಕೆ ಮಾತ್ರ ಇತ್ತು. ಕೇಳದೆಯೇ ತೋರಿಸಿದರು.

ರಂಗೋಲಿ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಇನ್ನೂ ರಾಜಿಯಾಗಿಲ್ಲ. ಸೊಂಟ ಬಗ್ಗಿಸಿ ಹಾಕುವುದು ಬೇಡ, ಸೊಸೆ ಹಾಕಲಿ ಅಂದಿದ್ದೆ. ‘ಅವಳ ಚುಕ್ಕಿ ನೆಟ್ಟಗಿರಲ್ಲ ಕಣವ್ವ’ ಅಂದರು. ಈಗ ಬಾಗಿಲಲ್ಲಿ ನಿಂತು, ಉದ್ದ ಪೊರಕೆಯ ತುದಿಯಲ್ಲಿ ಚುಕ್ಕಿ ತೋರಿಸುತ್ತಾರಂತೆ.