ಶಿಕ್ಷೆ ಹಾಡಿಗೋ, ಹಾಡುಗಾರನಿಗೋ?

ಪ್ರಶ್ನೆ: ರ್ವಾಂಡಾ ನರಮೇಧದ ವಿಚಾರಣೆಯಲ್ಲಿ ಒಬ್ಬ ಹಾಡುಗಾರನಿಗೂ ಜೈಲಾಯಿತೆಂದು ಓದಿದೆ. ಕತ್ತಿ ಹಿಡಿದವರ ಪಕ್ಕದಲ್ಲಿ ಹಾಡು ಕಟ್ಟಿದವನನ್ನೂ ನಿಲ್ಲಿಸುವುದು ನ್ಯಾಯವೇ ಮೇಷ್ಟ್ರೇ? ಹಾಡಿಗೆ ಅಷ್ಟು ಶಕ್ತಿ ಇದೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ನೀವು ಓದಿದ್ದು ಸಿಮೋನ್ ಬಿಕಿಂಡಿಯ ವಿಷಯ. ಆ ದೇಶದಲ್ಲಿ ಮನೆಮಾತಾಗಿದ್ದ ಗಾಯಕ, ಸ್ವಂತ ತಂಡ ಕಟ್ಟಿದ್ದವನು. 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ ಅಲ್ಲಿ ಬಹುಸಂಖ್ಯಾತ ಹುಟು ಜನಾಂಗದ ಉಗ್ರರು ಅಲ್ಪಸಂಖ್ಯಾತರಾದ ಲಕ್ಷಾಂತರ ಟುಟ್ಸಿಗಳನ್ನೂ, ಕೊಲೆಗೆ ಒಪ್ಪದ ಹುಟುಗಳನ್ನೂ ಕೊಂದರು. ಈ ನರಮೇಧದ ವಿಚಾರಣೆಗೆಂದೇ ವಿಶ್ವಸಂಸ್ಥೆ ಟಾಂಜಾನಿಯಾದ ಅರುಷಾದಲ್ಲಿ ನಡೆಸಿದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2008ರ ಡಿಸೆಂಬರ್ 2ರಂದು ಬಿಕಿಂಡಿಗೆ 15 ವರ್ಷ ಶಿಕ್ಷೆ ಕೊಟ್ಟಿತು.

ಆದರೆ ಶಿಕ್ಷೆಯಾದದ್ದು ಹಾಡುಗಳಿಗಲ್ಲ. 1994ರ ಜೂನ್ ಕೊನೆಯಲ್ಲಿ ಕಿವುಮು–ಕಾಯೊವೆ ರಸ್ತೆಯಲ್ಲಿ ಅವನು ಕೊಲೆಗಡುಕರ ವಾಹನಗಳ ಸಾಲಿನಲ್ಲಿ ಹೋಗುತ್ತ, ಟುಟ್ಸಿಗಳನ್ನು ನಿರ್ನಾಮ ಮಾಡಿ ಎಂದು ಧ್ವನಿವರ್ಧಕದಲ್ಲಿ ಕೂಗಿದ್ದ. ಬರುವಾಗ, ಇಲ್ಲಿನ ಟುಟ್ಸಿಗಳನ್ನು ಮುಗಿಸಿದಿರಾ ಎಂದು ಕೇಳಿದ್ದ. ಅವರನ್ನು ಹಾವು ಎಂದಿದ್ದ. ಅದೇ ಧ್ವನಿವರ್ಧಕದಲ್ಲಿ ಅವನ ಹಾಡುಗಳೂ ಮೊಳಗುತ್ತಿದ್ದವು.

ಆ ಹಾಡುಗಳಲ್ಲಿ ಎಲ್ಲೂ ‘ಕೊಲ್ಲು’ ಎಂದಿಲ್ಲ. ಒಂದು ಹಾಡು ಹುಟುಗಳನ್ನು ಸೆಬಹಿಂಜಿಯ ಮಕ್ಕಳು ಎನ್ನುತ್ತದೆ. ಸೆಬಹಿಂಜಿ ಎಂದರೆ ಬೇಸಾಯಗಾರರ ಮೂಲಪುರುಷ. ಉಳುವವರೆಲ್ಲ ಒಂದೇ ಬಳ್ಳಿ ಎಂದಾಗ, ದನ ಕಟ್ಟಿಕೊಂಡವರೆಂದು ಹೆಸರಾದ ಟುಟ್ಸಿಗಳು ಹೆಸರೆತ್ತದೆಯೇ ಹೊರಗಾದರು. ಇನ್ನೊಂದರಲ್ಲಿ ‘ನಂಗ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ‘ನನಗೆ ದ್ವೇಷ’ ಎಂದು ಅದರ ಅರ್ಥ. ದ್ವೇಷ ಯಾರ ಮೇಲೆ? ತಮ್ಮತನ ಬಿಟ್ಟ ಹುಟುಗಳ ಮೇಲೆ. ಒಲ್ಲೆ ಎನ್ನಬಹುದಾಗಿದ್ದ ನೆರೆಯವನ ಬಾಯಿಯನ್ನು ಮೊದಲೇ ಕಟ್ಟುವ ಹಾಡು ಅದು. ನನಗೆ ಅತಿ ಭಯ ಹುಟ್ಟಿಸುವುದು ಅದೇ. ಮತ್ತೊಂದನ್ನು ಕಟ್ಟಿದ್ದು 1987ರಲ್ಲಿ, ಸ್ವಾತಂತ್ರ್ಯದ 25ನೇ ವರ್ಷದ ಹಬ್ಬಕ್ಕೆ. ಟುಟ್ಸಿಗಳ ಮೇಲೆ ದ್ವೇಷ ಬಿತ್ತುತ್ತಿದ್ದ ಆರ್‌ಟಿಎಲ್‌ಎಂ ಎಂಬ ರೇಡಿಯೋ ಇಂಥ ಹಾಡುಗಳನ್ನು ನರಮೇಧದ ದಿನಗಳಲ್ಲೂ ಹಾಕುತ್ತಿತ್ತು.

ನಾನು ಪ್ರೌಢಶಾಲೆಯಲ್ಲಿ ಸಂಗೀತ ಕಲಿಸಿದವನು. ವಾರ್ಷಿಕೋತ್ಸವಕ್ಕೆ ಒಂದು ಕೋಲಾಟದ ಪದ ಹೇಳಿಕೊಡುತ್ತಿದ್ದೆ. ನಡುವಿನ ಒಂದು ಸಾಲು ಒಂದು ಕಸುಬಿನವರನ್ನು ಹೀನವಾಗಿ ಆಡಿತ್ತು. ಮೂರು ವರ್ಷ ಕಲಿಸಿದರೂ ಅದು ನನ್ನ ಕಿವಿಗೆ ಬೀಳಲಿಲ್ಲ. ಆ ಕಸುಬಿನ ಮನೆಯ ಹುಡುಗಿಯೇ ಮುಂದಿನ ಸಾಲಿನಲ್ಲಿ ನಿಂತು, ಕೋಲು ತಪ್ಪದಂತೆ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು. ಒಂದು ದಿನ ಅವಳ ಅಜ್ಜಿ ಬಂದರು. “ಮೇಷ್ಟ್ರೇ, ಇದನ್ನ ರಾಗ ಹಾಕ್ದೆ ಒಂದ್ಸಲ ಓದಿ” ಎಂದರು. ನನ್ನಿಂದ ಆ ಸಾಲು ಮುಗಿಸಲಾಗಲಿಲ್ಲ.

ಸೊಲ್ಲು ಎತ್ತಿಕೊಟ್ಟವನಿಗೆ ಮಾತಿನ ಅರ್ಥ ಗೊತ್ತಿರುತ್ತದೆ. ಹಿಂದೆ ಹೇಳುವವರ ಗಮನವೆಲ್ಲ ತಾಳದ ಮೇಲೆ. ಭಾಷಣವಾದರೆ ಕೇಳಿ ತಲೆ ಅಲ್ಲಾಡಿಸಬಹುದು, ಬೇಡವೆನ್ನಬಹುದು. ಹಾಡನ್ನು ಮಾತ್ರ ನಮ್ಮ ಬಾಯಿಂದಲೇ ಹೇಳಿಸುತ್ತಾರೆ. ನೂರು ಜನ ಒಂದೇ ಉಸಿರಿನಲ್ಲಿ ಹೇಳುವಾಗ ಒಬ್ಬನೇ ಬಾಯಿ ಮುಚ್ಚಿ ನಿಲ್ಲುವುದು ಎಷ್ಟು ಕಷ್ಟ ಎಂಬುದು ಭಜನೆಗೆ ಹೋದವರಿಗೆಲ್ಲ ಗೊತ್ತು.

ಬಿಕಿಂಡಿಯ ಹಾಡುಗಳು ದ್ವೇಷದ ಪ್ರಚಾರವೇ ಎಂದು ನ್ಯಾಯಮಂಡಳಿ ಒಪ್ಪಿತು. ಆದರೆ ಕೊಲೆಗೆ ಪ್ರಚೋದಿಸಲೆಂದೇ ಕಟ್ಟಿದ್ದು ಎಂಬುದಾಗಲಿ, 1994ರಲ್ಲಿ ರೇಡಿಯೋದಲ್ಲಿ ಹಾಕಿಸುವುದರಲ್ಲಿ ಅವನ ಕೈ ಇತ್ತು ಎಂಬುದಾಗಲಿ ರುಜುವಾತಾಗಲಿಲ್ಲ ಎಂದಿತು. ಕಾನೂನು ಅಷ್ಟಕ್ಕೇ ನಿಂತದ್ದು ಸರಿ ಎಂದೇ ನನ್ನ ಎಣಿಕೆ. ಪದ ಕಟ್ಟಿದ ಮಾತ್ರಕ್ಕೆ ಜೈಲು ಎಂದಾದರೆ ನಾಳೆ ಯಾರು ಬೇಕಾದರೂ ಒಳಗೆ ಹೋಗಬಹುದು. ಆದರೆ ಆ ರಸ್ತೆಯಲ್ಲಿ ಅವನ ಕೂಗಿಗೆ ಜನ ಓಗೊಡುವಂತೆ ಮಾಡಿದ್ದು ಆ ಹಾಡುಗಳೇ. ಅವನ ದನಿ ಅವರಿಗೆ ಹೊಸದಾಗಿರಲಿಲ್ಲ, ವರ್ಷಗಟ್ಟಲೆ ಅದರೊಂದಿಗೆ ದನಿ ಸೇರಿಸಿದ್ದರು.