ಮರ್ಡರ್‌ಬಾಲ್ ರಗ್ಬಿಯಾದದ್ದು ಹೇಗೆ?

ಪ್ರಶ್ನೆ: ಟಿವಿಯಲ್ಲಿ ಗಾಲಿಕುರ್ಚಿ ರಗ್ಬಿ ನೋಡಿದೆ. ಚೆಂಡು ಮೊಟ್ಟೆಯಾಕಾರದ್ದಲ್ಲ, ದುಂಡಗಿದೆ. ಆಡುವುದು ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ. ಮತ್ತೆ ರಗ್ಬಿ ಅಂತ ಏಕೆ ಹೆಸರು? ಮೊದಲು ‘ಮರ್ಡರ್‌ಬಾಲ್’ ಅನ್ನುತ್ತಿದ್ದರಂತೆ, ಹೌದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಹೌದು, ಮರ್ಡರ್‌ಬಾಲ್ ಎಂದೇ ಕರೆಯುತ್ತಿದ್ದರು. 1970ರ ದಶಕದಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಈ ಆಟ ಹುಟ್ಟುಹಾಕಿದ ಆಟಗಾರರಿಗೆ ಕಾಲಷ್ಟೇ ಅಲ್ಲ, ಕೈಯಲ್ಲೂ ಬಲ ಕಡಿಮೆ. ಬ್ಯಾಸ್ಕೆಟ್‌ಬಾಲನ್ನು ಬುಟ್ಟಿಯವರೆಗೆ ಎಸೆಯುವುದು ಆಗದ ಮಾತು. ಅದಕ್ಕೇ ಹಗುರವಾದ ವಾಲಿಬಾಲ್ ಹಿಡಿದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಎರಡು ಗಾಲಿ ಗೋಲಿನ ಗೆರೆ ದಾಟಿದರೆ ಒಂದು ಗೋಲು. ತಡೆಯಬೇಕಾದವರು ತಮ್ಮ ಕುರ್ಚಿಯಿಂದ ಎದುರಾಳಿಯ ಕುರ್ಚಿಗೆ ಗುದ್ದಬೇಕು. ಲೋಹಕ್ಕೆ ಲೋಹ ಬಡಿಯುವ ಆ ಸದ್ದು ಕೇಳಿದವರಿಗೆ ಹೆಸರು ಅತಿಯಾಯಿತು ಅನ್ನಿಸದು.

ಆದರೆ ‘ಮರ್ಡರ್’ ಎಂದರೆ ಪ್ರಾಯೋಜಕರು ಹತ್ತಿರ ಬಂದಾರೆಯೇ? 1980ರ ದಶಕದ ಆರಂಭದಲ್ಲಿ ಅಮೆರಿಕಕ್ಕೆ ಬಂದಾಗ ಅದು ‘ಕ್ವಾಡ್ ರಗ್ಬಿ’ ಆಯಿತು. ನನಗೆ ಇಷ್ಟವಾಗುವುದು ಈ ‘ಕ್ವಾಡ್’. ಕೈಕಾಲು ನಾಲ್ಕರಲ್ಲೂ ಸ್ವಾಧೀನ ತಪ್ಪಿದವರನ್ನು ಇಂಗ್ಲಿಷಿನಲ್ಲಿ ‘ಕ್ವಾಡ್ರಿಪ್ಲೀಜಿಕ್’ ಅನ್ನುತ್ತಾರೆ. ಅದರ ಮೊಟಕು ರೂಪ ಇದು. ‘ಕ್ವಾಡ್ರಿ’ ಲ್ಯಾಟಿನ್, ನಾಲ್ಕು ಎಂದರ್ಥ. ‘ಪ್ಲೀಜಿ’ ಗ್ರೀಕ್, ಅದರ ಮೂಲಾರ್ಥ ಹೊಡೆತ. ನಾವೂ ‘ಲಕ್ವಾ ಹೊಡೀತು’ ಅನ್ನುತ್ತೇವಲ್ಲ, ಅದೇ ಕಲ್ಪನೆ! ಎರಡು ಭಾಷೆ ಬೆಸೆದದ್ದರಿಂದ ನಮ್ಮ ಹಳೆಯ ವೈಯಾಕರಣರಾಗಿದ್ದರೆ ಅರಿಸಮಾಸ ಎಂದು ಮೂಗು ಮುರಿಯುತ್ತಿದ್ದರೇನೋ. ಎರಡೂ ಪಾಲು ಗ್ರೀಕೇ ಆಗಿರುವ ‘ಟೆಟ್ರಾಪ್ಲೀಜಿಯ’ ಕೂಡ ಬಳಕೆಯಲ್ಲಿದೆ.

‘ರಗ್ಬಿ’ಯ ಕಥೆ ಸರಳ. ಇಂಗ್ಲೆಂಡಿನ ಒಂದು ಊರು, ಆ ಊರಿನ ಶಾಲೆ, ಅಲ್ಲಿ ಬೆಳೆದ ಆಟ. ಧಾರವಾಡ ಪೇಢೆ ಇದ್ದ ಹಾಗೆ. ಚೆಂಡು ಹೊತ್ತು ಗೆರೆ ದಾಟುವುದು, ಅಡ್ಡ ಬಂದು ಡಿಕ್ಕಿ ಹೊಡೆಯುವುದು, ಇವೆರಡೂ ಇಲ್ಲಿವೆ. ಹಾಗಾಗಿ ಹೆಸರು ಒಗ್ಗಿತು. ಚೆಂಡಿನ ಆಕಾರವನ್ನು ಯಾರೂ ಕೇಳಲಿಲ್ಲ, ನೀವು ಕೇಳಿದಿರಿ.

2000ದಲ್ಲಿ ಸಿಡ್ನಿ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕದ ಆಟವಾದಾಗ ಹೆಸರು ‘ವೀಲ್‌ಚೇರ್ ರಗ್ಬಿ’. ಕೈಕಾಲು ಕಳೆದುಕೊಂಡವರೂ ಈ ಆಟ ಆಡುವುದರಿಂದ ‘ಕ್ವಾಡ್’ ಎಲ್ಲರಿಗೂ ಹೊಂದದು. ಅಂದಹಾಗೆ, ನೀವು ಬರೆದ ‘ಗಾಲಿಕುರ್ಚಿ’ಯೂ ಬೆರಕೆಯೇ: ಗಾಲಿ ನಮ್ಮದು, ಕುರ್ಚಿ ಅರಬ್ಬಿಯ ‘ಕುರ್ಸಿ’.