ರಸ್ತೆಯಲ್ಲಿ ಮಳೆನೀರಿನ ಚರಂಡಿ ಇಲ್ಲ, ಸೈಟು ಬೇರೆ ತಗ್ಗಿನಲ್ಲಿದೆ: ಒಂದು ಇಂಗುಗುಂಡಿ ಸಾಕೇ?

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು: ಪಾಯ ಇನ್ನೂ ತೋಡಿಲ್ಲ. ಸೈಟು ರಸ್ತೆಗಿಂತ ಸುಮಾರು 40 ಸೆಂ.ಮೀ. ತಗ್ಗು, ಹಿಂದಿನ ಮೂಲೆ ಎಲ್ಲಕ್ಕಿಂತ ತಗ್ಗು. ತಾರಸಿ 110 ಚದರ ಮೀಟರ್, ಅಂಗಳದಲ್ಲಿ 40 ಚದರ ಮೀಟರ್ ಕಾಂಕ್ರೀಟ್. ಮನೆಯ ಹಿಂದೆ 8 ಮೀಟರ್ ಜಾಗ ಬಿಟ್ಟಿದ್ದೀರಿ, ಅಗಲ 15 ಮೀಟರ್. ಗುತ್ತಿಗೆದಾರರು “ಒಂದು ಇಂಗುಗುಂಡಿ ತೋಡಿದರೆ ಆಯ್ತು” ಅಂದಿದ್ದಾರೆ.

ಆಗುವುದಿಲ್ಲ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಗಂಟೆಯಲ್ಲಿ 60 ಮಿ.ಮೀ. ಸುರಿಯಿತು ಅಂದುಕೊಳ್ಳಿ. ಹೀರಿಕೆ, ಚಿಮ್ಮುವಿಕೆ ಕಳೆದು ತಾರಸಿಯಿಂದ ಸುಮಾರು 5,900 ಲೀಟರ್, ಅಂಗಳದಿಂದ 2,000 ಲೀಟರ್ ಬರುತ್ತದೆ. ಒಟ್ಟು 8,000 ಎಂದಿಟ್ಟುಕೊಳ್ಳೋಣ. ಸಾಮಾನ್ಯವಾಗಿ ತೋಡುವ 1 ಮೀಟರ್ ಅಗಲ, 3 ಮೀಟರ್ ಆಳದ ದುಂಡು ಗುಂಡಿಗೆ ಜಲ್ಲಿ ತುಂಬಿದರೆ ನೀರಿಗೆ ಉಳಿಯುವುದು ಜಲ್ಲಿಯ ಸಂದು ಮಾತ್ರ, ಅಂದರೆ ನೂರಕ್ಕೆ ಸುಮಾರು 35 ಭಾಗ. ಲೆಕ್ಕಕ್ಕೆ ಸುಮಾರು 820 ಲೀಟರ್. ಬಂದ ನೀರಿನ ಹತ್ತನೇ ಒಂದು ಪಾಲು! “ಮಣ್ಣು ಹೀರಿಕೊಳ್ಳುತ್ತಲ್ಲ” ಅನ್ನಬಹುದು. ಗಂಟೆಗೆ 20 ಮಿ.ಮೀ. ಹೀರುವ ಒಳ್ಳೆಯ ಮಣ್ಣಿನಲ್ಲೂ ಆ ಗುಂಡಿ ಅಂಚಿನವರೆಗೆ ತುಂಬಿದಾಗ ಗಂಟೆಗೆ 200 ಲೀಟರ್ ದಾಟುವುದು ಕಷ್ಟ. ಹಾಗಾಗಿ ಮಳೆ ಸುರಿಯುವ ಹೊತ್ತಿನಲ್ಲಿ ಮನೆಯನ್ನು ಕಾಪಾಡುವುದು ನೀರು ನಿಲ್ಲಿಸಲು ಇರುವ ಜಾಗ. ಇಂಗುವುದೇನಿದ್ದರೂ ಆಮೇಲೆ.

ಪೈಪಿನ ಮಾತಿಗಿಂತ ಮೊದಲು ಮಟ್ಟ. ಇದನ್ನು ಪಾಯಕ್ಕೆ ಸುಣ್ಣ ಹಾಕುವ ಮುಂಚೆಯೇ ಮುಗಿಸಬೇಕು. 15 ಮೀಟರ್ ಪಾರದರ್ಶಕ ಟ್ಯೂಬಿಗೆ ನೀರು ತುಂಬಿ, ಮೊದಲು ಎರಡೂ ತುದಿಗಳನ್ನು ಪಕ್ಕಪಕ್ಕ ಹಿಡಿದು ನೋಡಿ. ಎರಡರಲ್ಲೂ ನೀರು ಒಂದೇ ಎತ್ತರಕ್ಕೆ ನಿಲ್ಲದಿದ್ದರೆ ಒಳಗೆಲ್ಲೋ ಗಾಳಿಗುಳ್ಳೆ ಇದೆ. ಟ್ಯೂಬನ್ನು ತಟ್ಟಿ ಅದನ್ನು ಹೊರಡಿಸದೆ ಅಳೆದರೆ ಎಲ್ಲ ಮಟ್ಟವೂ ಸುಳ್ಳು. ರಸ್ತೆಯ ನಡುಭಾಗವನ್ನು ಸೊನ್ನೆ ಎಂದು ಹಿಡಿದು ಸೈಟಿನ ನಾಲ್ಕು ಮೂಲೆ, ಅಕ್ಕಪಕ್ಕದ ಜಾಗ, ಹಿಂದಿನ ಜಾಗ ಎಲ್ಲವನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಸಾಧ್ಯವಾದರೆ ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಸೈಟಿನಲ್ಲಿ ನಿಂತು ನೋಡಿ: ನೀರು ಎಲ್ಲಿಂದ ಒಳಗೆ ಬರುತ್ತಿದೆ, ಎಲ್ಲಿಂದ ಹೊರಗೆ ಹೋಗುತ್ತಿದೆ? ನೀವು ಮನೆ ಕಟ್ಟಿದ ಮೇಲೂ ಅದು ಅದೇ ದಾರಿ ಹುಡುಕುತ್ತದೆ.

ನಾನು ಇಡುವ ಮಟ್ಟಗಳು ಹೀಗೆ. ಪ್ಲಿಂತ್ (ಮನೆಯೊಳಗಿನ ನೆಲ ಕೂರುವ ಮಟ್ಟ) ರಸ್ತೆಯ ನಡುಭಾಗಕ್ಕಿಂತ 45 ಸೆಂ.ಮೀ. ಮೇಲೆ, ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಏರುತ್ತಲೇ ಹೋಗುತ್ತದೆ, ಮನೆ ಏರುವುದಿಲ್ಲ. ಗೋಡೆಯ ಬುಡದ ಮಣ್ಣು ಸೊನ್ನೆಯ ಮಟ್ಟಕ್ಕೆ. ಅಲ್ಲಿಂದ ಮೊದಲ 3 ಮೀಟರ್‌ನಲ್ಲಿ 15 ಸೆಂ.ಮೀ. ಇಳಿಜಾರು, ಕಾಂಕ್ರೀಟ್ ಹಾಕಿದ ಕಡೆ ಮೀಟರಿಗೆ 2 ಸೆಂ.ಮೀ. ಸಾಕು. ಆಮೇಲೆ ಹಿಂದಿನ ತಗ್ಗು ಮೂಲೆಯ ತನಕ ನಿಧಾನ ವಾಟ. ಇಡೀ ಸೈಟನ್ನು ರಸ್ತೆಯ ಮಟ್ಟಕ್ಕೆ ಮಣ್ಣು ತುಂಬಿಸಿ ಎಂಬ ಸಲಹೆ ಬಂದೇ ಬರುತ್ತದೆ. ನನಗೆ ಅದು ಸರಿಕಾಣುವುದಿಲ್ಲ: ನೀರು ನಿಲ್ಲಬಹುದಾದ ಜಾಗವನ್ನು ಕೈಯಾರೆ ಮುಚ್ಚಿ, ಅದನ್ನು ಪಕ್ಕದವರ ಮೇಲೆ ತಳ್ಳಿದಂತೆ. ಮನೆಯ ಸುತ್ತ ಮಾತ್ರ ಏರಿಸಿ, ಹಿಂಭಾಗ ತಗ್ಗಾಗಿಯೇ ಇರಲಿ. ತುಂಬಿದ ಮಣ್ಣನ್ನು 15–20 ಸೆಂ.ಮೀ. ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಿಸಿ. ಇಲ್ಲದಿದ್ದರೆ ಮೊದಲ ಮಳೆಗಾಲದಲ್ಲೇ ಗೋಡೆಯ ಬುಡದ ಮಣ್ಣು ಕುಸಿದು ಕಾಲುವೆಯಂತಾಗುತ್ತದೆ, ನೀವು ಕೊಟ್ಟ ವಾಟ ಉಲ್ಟಾ ಆಗಿ ನೀರು ಪಾಯಕ್ಕೇ ಇಳಿಯುತ್ತದೆ. ಪಾಯ ಮಾತ್ರ ತುಂಬಿದ ಮಣ್ಣಿನ ಮೇಲೆ ಕೂರಬಾರದು, ಮೂಲ ಗಟ್ಟಿ ನೆಲಕ್ಕೇ ಇಳಿಯಬೇಕು.

ಗೇಟಿನ ಗೆರೆಯಲ್ಲಿ ರಸ್ತೆಗಿಂತ 10 ಸೆಂ.ಮೀ. ಎತ್ತರದ ಸಣ್ಣ ದಿಬ್ಬ ಮಾಡಿಸಿ, ಒಳಗಿನ ಇಳಿಜಾರು ಮುಗಿಯುವಲ್ಲಿ 20 ಸೆಂ.ಮೀ. ಅಗಲದ ಜಾಲರಿ ಕಾಲುವೆ ಹಾಕಿಸಿ. ರಸ್ತೆಯ ನೀರೂ ನಿಮ್ಮ ಲೆಕ್ಕಕ್ಕೆ ಸೇರಿದರೆ ಯಾವ ಗುಂಡಿಯೂ ಸಾಲದು.

ಈಗ ಮಣ್ಣಿನ ಪರೀಕ್ಷೆ. ಇಂಗಿಸುವ ಜಾಗದಲ್ಲಿ, ಇಂಗಿಸುವ ಆಳಕ್ಕೇ ಇಳಿದು, ಅಲ್ಲಿ 30×30 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ಪುಟ್ಟ ಕುಳಿ ತೆಗೆಯಿರಿ. ಗುದ್ದಲಿ ತಾಗಿದ ಕಡೆ ಜೇಡಿ ಸವರಿದಂತಾಗಿ ರಂಧ್ರಗಳು ಮುಚ್ಚಿಹೋಗುತ್ತವೆ, ಆದ್ದರಿಂದ ಬದಿಗಳನ್ನು ಮೊಳೆಯಿಂದ ಗೀರಿ. ತಳಕ್ಕೆ ಒಂದು ಹಿಡಿ ಸಣ್ಣ ಜಲ್ಲಿ ಹಾಕಿ, ರಾತ್ರಿ ನೀರು ತುಂಬಿ ಬಿಡಿ. ಒಣ ಮಣ್ಣು ಮೊದಲ ನೀರನ್ನು ಗಟಗಟನೆ ಕುಡಿಯುತ್ತದೆ, ಆ ಅಂಕಿ ನಂಬಬೇಡಿ. ಮರುದಿನ 15 ಸೆಂ.ಮೀ. ನೀರು ನಿಲ್ಲಿಸಿ, ಗುರುತು ಹಾಕಿದ ಕೋಲು ನೆಟ್ಟು ಅರ್ಧ ಗಂಟೆಗೊಮ್ಮೆ ನೋಡಿ. ಇಳಿಯುವ ವೇಗ ಒಂದೇ ಸಮ ಆಗುವವರೆಗೆ ನೀರು ಸೇರಿಸುತ್ತಾ ಮುಂದುವರಿಸಿ. ಇಲ್ಲೊಂದು ತಪ್ಪು ಬಹಳ ಜನ ಮಾಡುತ್ತಾರೆ. ಕುಳಿಯಲ್ಲಿ ನೀರು ಗಂಟೆಗೆ 60 ಮಿ.ಮೀ. ಇಳಿದರೆ ಮಣ್ಣಿನ ಹೀರಿಕೆ 60 ಅಲ್ಲ. ನೀರು ತಳದಿಂದ ಮಾತ್ರವಲ್ಲ, ನಾಲ್ಕು ಬದಿಗಳಿಂದಲೂ ಹೋಗಿದೆ; ಇಷ್ಟು ದೊಡ್ಡ ಕುಳಿಯಲ್ಲಿ ಆ ಅಂಕಿಯನ್ನು ಮೂರರಿಂದ ಭಾಗಿಸಿ. ನಿಜವಾದ ಹೀರಿಕೆ ಸುಮಾರು 20.

ಗುಂಡಿಯ ಬದಲು ನಾನು ಕಂದಕವನ್ನೇ ಆರಿಸುತ್ತೇನೆ. 60 ಸೆಂ.ಮೀ. ಅಗಲ, 1 ಮೀಟರ್ ಆಳ, 10 ಮೀಟರ್ ಉದ್ದ. ಜಲ್ಲಿ ತುಂಬಿದ ಮೇಲೂ 2,100 ಲೀಟರ್ ಹಿಡಿಯುತ್ತದೆ, ನೀರು ಹೀರುವ ಬದಿಗಳು 20 ಚದರ ಮೀಟರ್. ಮೇಲೆ ಹೇಳಿದ ಗುಂಡಿಯ ಬದಿ 9.4 ಚದರ ಮೀಟರ್ ಅಷ್ಟೇ. ತಳವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಕೆಸರು ಕೂತು ಬೇಗ ಕಟ್ಟುತ್ತದೆ. ಹೀರಿಕೆ 20 ಇದ್ದರೆ ತುಂಬಿದ ಕಂದಕ ನಾಲ್ಕು ಗಂಟೆಯೊಳಗೆ ಅರ್ಧ ಖಾಲಿ. ಹೀರಿಕೆ 3 ಇದ್ದರೆ ಅಷ್ಟಕ್ಕೇ 24 ಗಂಟೆ ಬೇಕು. ಅದಕ್ಕಿಂತ ಕಡಿಮೆ ಬಂದರೆ ಇಂಗಿಸುವ ಆಸೆ ಬಿಟ್ಟು ಮುಂದೆ ಹೇಳುವ ಟ್ಯಾಂಕನ್ನೇ ಪೂರ್ತಿ ನೆಚ್ಚಿಕೊಳ್ಳಿ. ಒದ್ದೆಯಾದರೆ ಉಬ್ಬುವ ಕಪ್ಪು ಎರೆಮಣ್ಣಾದರೆ ಪರೀಕ್ಷೆಯೂ ಬೇಡ. ನಿಮ್ಮ ಪಾಯದಿಂದಲೂ ಪಕ್ಕದ ಮನೆಗಳ ಪಾಯದಿಂದಲೂ ಕಂದಕ 5 ಮೀಟರ್ ದೂರವಿರಲಿ, ಮಳೆಗಾಲದ ಅಂತರ್ಜಲ ಮಟ್ಟ ಅದರ ತಳಕ್ಕಿಂತ 1 ಮೀಟರ್ ಆದರೂ ಕೆಳಗಿರಲಿ, ಶೌಚಗುಂಡಿಯ ಹತ್ತಿರ ಬೇಡ.

ಕಂದಕದ ಒಳಗೋಡೆಗೆ ಮೊದಲು ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರನ್ನು ಬಿಟ್ಟು ಮಣ್ಣನ್ನು ತಡೆಯುವಂಥದ್ದು) ಹಾಸಿ, ಮಣ್ಣಿಲ್ಲದ ತೊಳೆದ 40 ಎಂಎಂ ಜಲ್ಲಿ ತುಂಬಿ. ಮೇಲಿನಿಂದ 30 ಸೆಂ.ಮೀ. ಕೆಳಗೆ ತೂತಿನ 110 ಎಂಎಂ ಪೈಪು ಉದ್ದಕ್ಕೂ ಮಟ್ಟವಾಗಿ ಇರಲಿ, ತೂತುಗಳು ಕೆಳಮುಖವಾಗಿ. ಜಲ್ಲಿಯ ಮೇಲೆ ಬಟ್ಟೆ ಮಡಚಿ ಮಣ್ಣು ಹಾಕಿ. ಕಂದಕಕ್ಕೆ ಮುಂಚೆ 45×45 ಸೆಂ.ಮೀ.ನ ಒಂದು ಚೇಂಬರ್ ಕಡ್ಡಾಯ: ಹೊರಹೋಗುವ ಪೈಪು ಅದರ ತಳಕ್ಕಿಂತ 30 ಸೆಂ.ಮೀ. ಮೇಲಿರಬೇಕು, ಬಾಯಿಗೆ ಜಾಲರಿ, ಸೊಳ್ಳೆ ನುಗ್ಗದಂಥ ಮುಚ್ಚಳ. ಮರಳು, ಎಲೆ ಎಲ್ಲ ಅಲ್ಲೇ ಉಳಿಯುತ್ತವೆ, ಕೈ ಹಾಕಿ ತೆಗೆಯಬಹುದು. ಜಲ್ಲಿಯೊಳಗೆ ಹೋದ ಕೆಸರನ್ನು ತೆಗೆಯಲು ಕಂದಕವನ್ನೇ ಅಗೆಯಬೇಕು. ಕಂದಕದ ಕೆಲಸ ಮನೆಯ ಪ್ಲಾಸ್ಟರಿಂಗ್, ನೆಲ ಎಲ್ಲ ಮುಗಿದ ಮೇಲೆ. ಕೆಲಸದವರು ಬಾಣಲೆ ತೊಳೆದ ಸಿಮೆಂಟು ನೀರು ಒಂದು ವಾರ ಒಳಗೆ ಹರಿದರೆ ಸಾಕು, ಮಳೆ ಕಾಣುವ ಮೊದಲೇ ಅದು ಸತ್ತಿರುತ್ತದೆ.

ತಾರಸಿಯ ನೀರನ್ನು ನೆಲಕ್ಕಿಳಿಸುವ ಮುಂಚೆಯೇ ಹಿಡಿಯಿರಿ. ಸ್ಲ್ಯಾಬ್ ಹಾಕುವಾಗಲೇ ಮೇಸ್ತ್ರಿಗೆ ಹೇಳಿ, ವಾಟ ಹಿಂಬದಿಗೆ ಬರಲಿ, ಮೀಟರಿಗೆ ಕನಿಷ್ಠ 1 ಸೆಂ.ಮೀ. 40 ಚದರ ಮೀಟರಿಗೊಂದರಂತೆ ಮೂರು 110 ಎಂಎಂ ಪೈಪು ಹಿಂಗೋಡೆಯಲ್ಲಿ ಇಳಿದು ನೆಲದ ಮೇಲಿನ 5,000 ಲೀಟರ್ ಟ್ಯಾಂಕಿಗೆ ಸೇರಲಿ. ನೆಲದೊಳಗಿನ ಸಂಪ್ ಆದರೆ ಖಾಲಿ ಮಾಡಲು ಪಂಪು ಬೇಕು, ಮೇಲಿದ್ದರೆ ವಾಲ್ವ್ ಸಾಕು. ತುಂಬಿದಾಗ 5 ಟನ್ ಭಾರ, ಹಾಗಾಗಿ ಗಟ್ಟಿ ನೆಲದ ಮೇಲೆ 15 ಸೆಂ.ಮೀ. ಕಾಂಕ್ರೀಟ್ ಹಾಸು ಬೇಕು. ಉಕ್ಕಿದ ನೀರು ಹೋಗುವ ಪೈಪು 160 ಎಂಎಂ ಇರಲಿ, ಮೀಟರಿಗೆ 1 ಸೆಂ.ಮೀ. ವಾಟದಲ್ಲಿ ಚೇಂಬರಿಗೆ.

ಈ ಟ್ಯಾಂಕು ಖಾಲಿ ಇದ್ದರೆ ಮಾತ್ರ ಉಪಯೋಗ. ಗಿಡಕ್ಕೆ ಬೇಕೆಂದು ಸದಾ ತುಂಬಿಟ್ಟುಕೊಂಡರೆ ಮುಂದಿನ ಮಳೆಗೆ ಅದು ಇಲ್ಲದ ಹಾಗೆ; ಬಳಕೆಗೂ ನೀರು ಬೇಕಾದರೆ ಇನ್ನೊಂದು ಟ್ಯಾಂಕು ಇಡಿ. ಮಳೆ ನಿಂತ ಮರುದಿನ ಬೆಳಿಗ್ಗೆ ವಾಲ್ವನ್ನು ಸ್ವಲ್ಪವೇ ತಿರುಗಿಸಿ ಕಂದಕಕ್ಕೆ ಬಿಡಿ. 10 ಲೀಟರ್ ಬಕೆಟ್ ತುಂಬಲು ಒಂದೂವರೆ–ಎರಡು ನಿಮಿಷ ಹಿಡಿದರೆ ಗಂಟೆಗೆ 300–400 ಲೀಟರ್ ಹೋಗುತ್ತಿದೆ ಎಂದರ್ಥ. 20 ಹೀರಿಕೆಯ ಮಣ್ಣು ತಾಳುವುದು ಅಷ್ಟೇ.

ಒಟ್ಟು ನೋಡಿ: 8,000ದಲ್ಲಿ ಟ್ಯಾಂಕು 5,000, ಕಂದಕ 2,100, ಆ ಹೊತ್ತಿಗೆ ಇಂಗಿದ್ದು ಹೆಚ್ಚೆಂದರೆ 400. ಉಳಿದ 500ಕ್ಕೆ ಕಂದಕದಾಚೆ ಹುಲ್ಲು ಬೆಳೆಸಿದ ಆಳವಿಲ್ಲದ ತಗ್ಗು, 8 ಮೀಟರ್ ಉದ್ದ, 60 ಸೆಂ.ಮೀ. ಅಗಲ, ನಡುವೆ 15 ಸೆಂ.ಮೀ. ಆಳ. ಸರಿಸುಮಾರು ಸರಿಹೋಯಿತು.

ಎರಡು ದಿನ ಬಿಡದೆ ಸುರಿದರೆ ಇದೆಲ್ಲವೂ ತುಂಬುತ್ತದೆ. ಅದಕ್ಕೇ ಆ ತಗ್ಗು ಹಿಂದಿನ ಮೂಲೆಯಲ್ಲಿ ಮುಗಿಯಬೇಕು, ಅಲ್ಲಿ ಕಾಂಪೌಂಡ್ ಗೋಡೆಯ ಬುಡದಲ್ಲಿ ಕಿಂಡಿಗಳು ಇರಬೇಕು. ಕಿಂಡಿಯಿಲ್ಲದ ಕಾಂಪೌಂಡ್ ಅಣೆಕಟ್ಟೇ. ನೀರಿನ ಒತ್ತಡಕ್ಕೆ ಮೊದಲು ಬೀಳುವುದೂ ಅದೇ. 10×10 ಸೆಂ.ಮೀ. ಕಿಂಡಿ 2 ಮೀಟರಿಗೊಂದು ಬಿಡಿ, ಆಗ ನೀರು ಮೊದಲಿನಂತೆ ಹರಡಿ ಹೋಗುತ್ತದೆ. ಒಂದೇ ಪೈಪಿನಲ್ಲಿ ಒಟ್ಟುಮಾಡಿ ಹಿಂದಿನವರ ಜಾಗಕ್ಕೆ ಬಿಟ್ಟರೆ ಮಣ್ಣು ಕೊಚ್ಚುತ್ತದೆ, ಜಗಳವೂ ಬರುತ್ತದೆ. ಅವರೊಡನೆ ಈಗಲೇ ಮಾತಾಡಿ, ಒಪ್ಪಿದರೆ ಬರಹದಲ್ಲಿ ತೆಗೆದುಕೊಳ್ಳಿ. ಮುಂಭಾಗದಿಂದ ಈ ಮೂಲೆಗೆ ಮನೆಯ ಪಕ್ಕದಲ್ಲಿ 1 ಮೀಟರ್ ದಾರಿ ತೆರೆದೇ ಇರಲಿ. ಮುಂದೊಂದು ದಿನ ಅಲ್ಲಿ ಮೆಟ್ಟಿಲು, ಶೆಡ್ಡು ಕಟ್ಟಿದರೆ ನೀರು ಬಾಗಿಲಿಗೇ ಬರುತ್ತದೆ.

ಒಳಚರಂಡಿಗೋ ಶೌಚಗುಂಡಿಗೋ ಮಳೆಪೈಪು ಸೇರಿಸಿಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತುಂಬಿದಾಗ ಅದು ವಾಪಸ್ ಬರುವುದು ನಿಮ್ಮ ಬಚ್ಚಲಿನ ಜಾಲರಿಯಿಂದ.

ಇನ್ನು ರಸ್ತೆಗೆ ಚರಂಡಿ ಮುಂದೆ ಬರಬಹುದಲ್ಲವೇ? ಅಂಗಳದ ಕಾಂಕ್ರೀಟಿಗೆ ಮುಂಚೆ ಗೇಟಿನಡಿ ಒಂದು 160 ಎಂಎಂ ಪೈಪು ಹೂತಿಟ್ಟು ಎರಡೂ ತುದಿಗೆ ಮುಚ್ಚಳ ಹಾಕಿ, ಒಳತುದಿ ಜಾಲರಿ ಕಾಲುವೆಯ ತಳದ ಮಟ್ಟಕ್ಕಿರಲಿ. ಎಲ್ಲಿದೆ, ಎಷ್ಟು ಆಳ ಅನ್ನುವುದನ್ನು ಗೇಟಿನ ಕಂಬದ ಒಳಬದಿಗೆ ಬಣ್ಣದಲ್ಲಿ ಬರೆದಿಡಿ. ಚರಂಡಿ ಬರುವ ಹೊತ್ತಿಗೆ ಈಗಿನ ಮೇಸ್ತ್ರಿ ಇರುವುದಿಲ್ಲ.